ನೊಣದ ಮೂಗು ಮತ್ತು ಗುಲಾಬಿ ಅತ್ತರು

ಹುಮನಾಬಾದಿನ ಹೈಸ್ಕೂಲೊಂದರಲ್ಲಿ ಹದಿನಾರು ವರ್ಷ ವಿಜ್ಞಾನ ಕಲಿಸಿದವಳು ನಾನು. ಶಾಲೆಯ ವಿಜ್ಞಾನ ಸಂಘವನ್ನು ಕಟ್ಟಿದವಳೂ ನಾನೇ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕೊಹಿನೂರ ಎಂಬ ಹಳ್ಳಿಯ ಕಡೆಯ ಹೊಸ ಮಾಸ್ತರೊಬ್ಬರು ಬಂದರು. ಒಂದೇ ತಿಂಗಳಲ್ಲಿ, ನನ್ನ ಹಿಂದೆ ಮುಂದೆ ಸುಳಿಯುತ್ತಿದ್ದ ಹುಡುಗಿಯರೆಲ್ಲ ಅವರ ಬೆನ್ನು ಹತ್ತಿದರು. ಹೊಟ್ಟೆಕಿಚ್ಚು ಎಂದರೇನೆಂದು ನನಗೆ ನಲವತ್ತನೇ ವಯಸ್ಸಿನಲ್ಲಿ ಗೊತ್ತಾಯಿತು.

ಅವರು ನೊಣದ ಪಾಠ ಮಾಡುವಾಗ ನಾನು ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುವ ನೆಪ ಮಾಡಿಕೊಂಡು ಕಿವಿ ಇಟ್ಟು ಕೂತಿರುತ್ತಿದ್ದೆ.

"ಹೇಲಿನ ಮ್ಯಾಲೆ ಕುಂತ ನೊಣ ನಿಮ್ಮ ಊಟದ ಗಂಗಾಳಕ್ಕ ಹ್ಯಾಂಗ ಬರ್ತದ? ಅದಕ್ಕ ದಾರಿ ಯಾರು ತೋರಸ್ತಾರ?"

ವಾಸನೆ ತೋರಿಸುತ್ತದೆ ಎಂದು ಅವರೇ ಬಿಡಿಸಿ ಹೇಳುತ್ತಿದ್ದರು. ನೊಣಕ್ಕೆ ನಮ್ಮಂಥ ಮೂಗಿಲ್ಲ, ತಲೆಯ ಮೇಲಿನ ಕುಡಿಮೀಸೆಯೇ ಮೂಗು. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು, ಆ ಕೂದಲಿನ ಗೋಡೆಯಲ್ಲಿ ಇನ್ನೂ ಸಣ್ಣ ತೂತುಗಳು. ಹುಳಿತ ಬೆಲ್ಲದಿಂದ ಎದ್ದ ಅಣು ಆ ತೂತಿನಿಂದ ಒಳಗೆ ಇಳಿಯುತ್ತದೆ. ಒಳಗೆ ನರದ ತುದಿಯಲ್ಲಿ ಪ್ರೋಟೀನಿನ ಬಾಗಿಲು. ಒಪ್ಪುವ ಅಣು ಬಂದು ಕೂತರೆ ಅದು ತೆರೆಯುತ್ತದೆ, ವಿದ್ಯುತ್ ಕಣಗಳು ನುಗ್ಗುತ್ತವೆ, ಸುದ್ದಿ ಮಿದುಳಿಗೆ ಮುಟ್ಟುತ್ತದೆ. ನಾನಾದರೋ ಅಷ್ಟು ವರ್ಷ "ನೊಣ ರೋಗ ಹರಡುತ್ತದೆ" ಎಂದು ಒಂದು ಸಾಲು ಬರೆಸಿ ಕೈ ತೊಳೆದುಕೊಂಡಿದ್ದೆ.

ಆ ವರ್ಷದ ವಿಜ್ಞಾನ ಪ್ರದರ್ಶನ ಬಸವಕಲ್ಯಾಣದಲ್ಲಿತ್ತು. ನಮ್ಮಿಬ್ಬರಲ್ಲಿ ಯಾರ ಮಾದರಿಗೆ ಬಹುಮಾನ ಬರುತ್ತದೋ ಸಂಘ ಅವರ ಕೈಗೆ ಎಂದುಬಿಟ್ಟರು ಹೆಡ್‌ಮಾಸ್ತರು. ನನ್ನದು ಬಲ್ಬು ಹತ್ತುವ ಹೃದಯ. ಪ್ರತಿವರ್ಷ ಅದೇ ಹೃದಯ, ಹೊಸ ಬಣ್ಣ. ಅವರದು ಎರಡು ಕವಲಿನ ಗಾಜಿನ ಕೊಳವೆ: ಒಂದು ತುದಿಗೆ ಹುಳಿಬೆಲ್ಲದ ನೀರಿನ ಹತ್ತಿ, ಇನ್ನೊಂದಕ್ಕೆ ಬರೀ ನೀರಿನದು, ನಡುವೆ ನೊಣಗಳು. ಶಾಲೆಯಲ್ಲಿ ಅವು ತಪ್ಪದೆ ಬೆಲ್ಲದ ಕಡೆಗೇ ಹೋಗುವುದನ್ನು ನೋಡಿ ನನ್ನ ನಿದ್ದೆ ಹಾರಿತ್ತು.

ನಮ್ಮ ಕಡೆ ಸಮಾರಂಭಕ್ಕೆ ಬಂದವರ ಕೈಯ ಹಿಂಬದಿಗೆ ಚೂರು ಅತ್ತರು ಸವರಿ ಒಳಗೆ ಕರೆಯುವುದು ವಾಡಿಕೆ. ಪ್ರದರ್ಶನದ ಬಾಗಿಲಲ್ಲಿ ಗುಲಾಬಿ ಅತ್ತರಿನ ಬಾಟಲಿ ಹಿಡಿದು ನಿಂತವಳು ನಾನು. ಮಾಸ್ತರ ಮಾದರಿ ನಡೆಸುವ ಮೂವರು ಹುಡುಗಿಯರು ಬಂದಾಗ, "ಬರ್ರೆವ್ವಾ, ಕೈ ಚಾಚ್ರಿ" ಎಂದು ಅಂಗೈಗೇ ಸುರಿದು ತಿಕ್ಕಿದೆ. ಅವರು ಖುಷಿಯಿಂದ ಮೂಸಿಕೊಳ್ಳುತ್ತ ಹೋಗಿ, ಅದೇ ಕೈಯಲ್ಲಿ ಹತ್ತಿ ಅದ್ದಿ ಕೊಳವೆಗೆ ತುರುಕಿದರು.

ಪರೀಕ್ಷಕರು ಬಂದು ನಿಂತರು. ನೊಣಗಳು ಬೆಲ್ಲದ ಕಡೆ ಹೋಗಲಿಲ್ಲ, ನೀರಿನ ಕಡೆಗೂ ಹೋಗಲಿಲ್ಲ, ನಡುವೆಯೇ ಗುಂಪುಗೂಡಿ ಕೂತವು. ಒಬ್ಬ ಹುಡುಗಿಯ ಕಣ್ಣಲ್ಲಿ ನೀರು ಬಂತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೇಳಲು ನಾಚಿಕೆ, ಆದರೂ ಆಯಿತು.

ಮಾಸ್ತರು ಹತ್ತಿ ತೆಗೆದು ಮೂಸಿದರು.

"ಇದಕ್ಕ ಅತ್ತರ ಹತ್ತ್ಯದರಿ. ಅತ್ತರದ ಅಣು ಬೆಲ್ಲದ ಬಾಗಲಾ ಮುಚ್ಚ್ಯದೋ, ಇಲ್ಲಾ ಬ್ಯಾರೆ ಬಾಗಲಾ ತೆಗದು ನೊಣಕ್ಕ ಬರಬ್ಯಾಡ ಅಂದದೋ, ನನಗ ಗೊತ್ತಿಲ್ರಿ. ನೋಡಬೇಕು."

ಹುಡುಗಿಯರ ಕೈ ತೊಳೆಸಿ, ಬೇರೆ ಕೊಳವೆಗೆ ಹೊಸ ಹತ್ತಿ ಹಾಕಿಸಿದರು. ನೊಣಗಳು ಸೀದಾ ಬೆಲ್ಲಕ್ಕೆ ಹೋದವು. ಗೊತ್ತಿಲ್ಲ ಎಂದದ್ದೇ ಪರೀಕ್ಷಕರಿಗೆ ಹಿಡಿಸಿತು. ನನ್ನ ಹೃದಯದ ಮುಂದೆ ಅವರು ಅರ್ಧ ನಿಮಿಷವೂ ನಿಲ್ಲಲಿಲ್ಲ. ಮೊದಲ ಬಹುಮಾನ ಮಾಸ್ತರಿಗೆ ಹೋಯಿತು.

ವಾಪಸು ಬರುವ ಬಸ್ಸಿನಲ್ಲಿ ಅವರು ಎದ್ದು ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತರು.

"ಅಕ್ಕೋರ, ಎಲ್ಲಾರಿಗೂ ಕೈ ಹಿಂದ ಹಚ್ಚಾಕತ್ತಿದ್ರಿ. ನಮ್ಮ ಹುಡುಗ್ಯಾರಿಗಷ್ಟ ಅಂಗೈಗೆ ಹಚ್ಚೀರಿ."

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

"ಯಾರಿಗೂ ಹೇಳಂಗಿಲ್ಲ ಬಿಡ್ರಿ. ಪಕ್ಕದ ಕೋಣ್ಯಾಗ ಕುಂತು ನನ್ನ ಪಾಠ ಅಷ್ಟು ಲಕ್ಷ್ಯ ಕೊಟ್ಟು ಕೇಳಿದವರು ನೀವೊಬ್ಬರ. ಸಂಘ ಇಬ್ಬರೂ ಕೂಡಿ ನಡಸೂಣು."

ಬೈದಿದ್ದರೆ ನಾನೂ ಎರಡು ಮಾತು ಬೈಯಬಹುದಿತ್ತು. ದೊಡ್ಡತನವೂ ಅವರ ಪಾಲಿಗೇ ಹೋಯಿತಲ್ಲ ಎಂದು ಹುಮನಾಬಾದ್ ಮುಟ್ಟುವ ತನಕ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.