ತಲೆಯಾಡಿಸದ ಕಂಡಕ್ಟರ್

ಅಕೇಯೊ ಮೀನು ಕರಿಯುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಗ ಕಿಸುಮುವಿನಲ್ಲಿ ಯಾರನ್ನು ಕೇಳಿದರೂ ಅವಳನ್ನು ಕಥೆ ಬರೆಯುವವಳು ಎನ್ನುತ್ತಾರೆ. ಕಿಬುಯೆ ಸಂತೆಯ ಹಿಂಬದಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಬಾಣಲೆಯ ಮುಂದೆ ನಿಂತಿರುತ್ತಾಳೆ. ವಯಸ್ಸು ಇಪ್ಪತ್ತೈದು, ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು. ನಾನಾದರೋ ಹನ್ನೊಂದು ವರ್ಷ ಶಾಲೆಯ ನಾಟಕ ಬರೆದು ಆಡಿಸಿದ ಮೇಷ್ಟ್ರು ಒಯೂಗಿ, ಎರಡು ಸಲ ಜಿಲ್ಲೆಗೆ ಮೊದಲ ಬಹುಮಾನ ತಂದವನು. ನಮ್ಮಿಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೊಟ್ಟೆಕಿಚ್ಚೇ ಅದು, ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ಎಲ್ಲ ಶುರುವಾದದ್ದು ಒಂಡಿಟಿಯ ಆಟದಂಗಡಿಯಲ್ಲಿ. ಅಲ್ಲಿ ಐದು ಕಂಪ್ಯೂಟರುಗಳಿವೆ, ಐದರಲ್ಲೂ ಬಸ್ಸು ಓಡಿಸುವ ಒಂದು ಆಟವಿದೆ. ಊರೂರಿಗೆ ಜನರನ್ನು ತುಂಬಿಕೊಂಡು ಓಡುವ ನಮ್ಮ ಮಟಾಟು ವ್ಯಾನುಗಳನ್ನು ಬಣ್ಣ, ಬರಹ, ಹಾರ್ನಿನ ಸಮೇತ ಯಾರೋ ಪುಣ್ಯಾತ್ಮರು ಅದರೊಳಗೆ ತಂದಿಟ್ಟಿದ್ದಾರೆ. ಒಂಡಿಟಿಗೆ ಆ ಆಟದೊಳಗೇ ಸಿನಿಮಾ ತೆಗೆಯುವ ಹುಚ್ಚು. ಒಬ್ಬೊಬ್ಬರು ಒಂದೊಂದು ಕಂಪ್ಯೂಟರಿನಲ್ಲಿ ಕೂತು ಒಂದೊಂದು ಗೊಂಬೆಯನ್ನು ಆಡಿಸುತ್ತ ಮೈಕಿನಲ್ಲಿ ಮಾತು ಹೇಳಬೇಕು; ಅವನು ತನ್ನ ಕಂಪ್ಯೂಟರಿನಿಂದ ಅದನ್ನೆಲ್ಲ ಹಿಡಿದುಕೊಳ್ಳುತ್ತಾನೆ. ಆಟದ ಗೊಂಬೆಗಳಿಗೆ ಬಾಯಿ ತೆರೆಯಲು ಬರುವುದಿಲ್ಲ. ಆದ್ದರಿಂದ ಮಾತು ಯಾರದೋ ಅವರ ಗೊಂಬೆಯ ತಲೆ ಮೌಸಿನಿಂದ ಅಲ್ಲಾಡಬೇಕು, ಉಳಿದವರು ಕಲ್ಲಿನ ಹಾಗೆ ನಿಲ್ಲಬೇಕು. ತಲೆ ನೋಡಿಯೇ ಜನರಿಗೆ ಮಾತು ಯಾರದೆಂದು ತಿಳಿಯುವುದು.

ಮೊದಲ ಕಥೆಯನ್ನು ಒಂಡಿಟಿ ನನ್ನಿಂದಲೇ ಬರೆಸಿದ. ನಗರಕ್ಕೆ ಹೊರಟ ಮಗನನ್ನು ತಾಯಿ ಬಸ್ ನಿಲ್ದಾಣದಲ್ಲಿ ಅಪ್ಪಿಕೊಂಡು ಅಳುವ ಕಥೆ. ಒಳ್ಳೆಯ ಮಾತುಗಳನ್ನೇ ಬರೆದಿದ್ದೆ. ಆದರೆ ತಾಯಿಯನ್ನು ಮಗನ ಹತ್ತಿರ ನಡೆಸಿದರೆ ಅವಳು ಅವನ ಮೈಯೊಳಗಿಂದ ತೂರಿಹೋಗಿ ಆಚೆ ಬದಿಯ ಟೈರಿನ ಮುಂದೆ ನಿಂತಳು. ನಾಲ್ಕು ಸಲ ಮಾಡಿದೆವು, ನಾಲ್ಕು ಸಲವೂ ತೂರಿಹೋದಳು. ಒಂಡಿಟಿ ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಆಟದಲ್ಲಿ ಯಾರಿಗೂ ಅಳುವುದಕ್ಕೂ ಬರುವುದಿಲ್ಲವಂತೆ.

ಅಷ್ಟರಲ್ಲಿ ಅವನ ಊಟಕ್ಕೆ ಮೀನು ತಂದಿದ್ದ ಅಕೇಯೊ ಬಾಗಿಲಲ್ಲೇ ನಿಂತು ನೋಡಿ, "ಅಪ್ಕೊಳ್ಳೋದ್ ಯಾಕೆ? ಅವ್ವ ಆ ಕಡೆ ತಿರುಗಿ ನಿಂತ್ಕೊಳ್ಲಿ. ಬಸ್ಸು ಹೋದ್‌ಮೇಲೂ ತಿರುಗ್ದೇ ಇರ್ಲಿ" ಎಂದಳು.

ಹಾಗೇ ಮಾಡಿದರು. ಪಕ್ಕದಲ್ಲಿ ಆಡುತ್ತಿದ್ದವರೆಲ್ಲ ತಮ್ಮ ಆಟ ಬಿಟ್ಟು ಪರದೆ ನೋಡುತ್ತ ನಿಂತರು. ನನ್ನ ಒಂದು ಪುಟದ ಮಾತನ್ನು ಒಂದು ಗೊಂಬೆಯ ಬೆನ್ನು ನುಂಗಿಹಾಕಿತ್ತು. ಅವತ್ತಿನಿಂದ ಒಂಡಿಟಿ ಕಥೆಗೆ ಅವಳ ಹಿಂದೆ ಬಿದ್ದ. ಅವಳು ಎಣ್ಣೆ ಕಲೆಯ ನೋಟ್‌ಬುಕ್ಕಿನಲ್ಲಿ ಬರೆದು ತರುತ್ತಿದ್ದಳು. ಅದನ್ನು ತಿದ್ದುವ ಕೆಲಸ ನನಗೆ ಬಂತು. ಕೆಂಪು ಶಾಯಿಯಲ್ಲಿ ಬೇಕಾದ್ದಕ್ಕೂ ಬೇಡದ್ದಕ್ಕೂ ಗೆರೆ ಎಳೆಯುತ್ತಿದ್ದೆ. ಅವಳು ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ತಲೆ ಬಗ್ಗಿಸಿ ಕೇಳಿಸಿಕೊಂಡು, ಥ್ಯಾಂಕ್ಸ್ ಮೇಷ್ಟ್ರೇ ಎಂದು ಹೋಗುತ್ತಿದ್ದಳು. ಅದು ನನ್ನನ್ನು ಇನ್ನಷ್ಟು ಉರಿಸುತ್ತಿತ್ತು.

ಕಳೆದ ವರ್ಷ ಸಿಯಾಯ ದಾರಿಯ ಮಟಾಟು ಮಾಲೀಕರು ಒಂಡಿಟಿಗೆ ಒಂದು ಮಾತು ಹೇಳಿದರು. ಡಿಸೆಂಬರಿನಲ್ಲಿ ಜನ ಹಬ್ಬಕ್ಕೆ ಊರಿಗೆ ಹೋಗುವಾಗ ತಮ್ಮ ಗಾಡಿಗಳ ಟಿವಿಯಲ್ಲಿ ಅವನ ಒಂದು ವಿಡಿಯೊ ಹಾಕುತ್ತಾರೆ, ಬರೆದವರ ಹೆಸರು ದೊಡ್ಡದಾಗಿ ಬರುತ್ತದೆ. ಆ ದಾರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಓಡಾಡುತ್ತಾರೆ, ನನ್ನ ನೆಂಟರು ಓಡಾಡುತ್ತಾರೆ, ನನ್ನ ನಾಟಕ ನಿಲ್ಲಿಸಿದ ಹೆಡ್‌ಮಾಸ್ಟರರೂ ಓಡಾಡುತ್ತಾರೆ. ಆ ಪರದೆಯ ಮೇಲೆ ನನ್ನ ಹೆಸರು ಬರಬೇಕು ಎಂದು ನಾನು ಎಷ್ಟು ಆಸೆಪಟ್ಟೆನೆಂದರೆ ಎರಡು ವಾರ ಉಗಾಲಿ ಮುದ್ದೆ ಸರಿಯಾಗಿ ಗಂಟಲಲ್ಲಿ ಇಳಿಯಲಿಲ್ಲ. ಮೂರು ಕಥೆ ಬರೆದುಕೊಟ್ಟೆ. ಅಕೇಯೊ ಒಂದೇ ಒಂದು ಬರೆದಳು. ಒಂಡಿಟಿ ಅವಳದನ್ನೇ ಆರಿಸಿ ನನಗೆ ಅದರಲ್ಲಿ ಕಂಡಕ್ಟರನ ಪಾತ್ರ ಕೊಟ್ಟ. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ದೂರ ನಿಂತು ಹೊಟ್ಟೆ ಉರಿಸಿಕೊಳ್ಳುವುದಕ್ಕಿಂತ ಹತ್ತಿರ ನಿಂತು ಉರಿಸಿಕೊಳ್ಳುವುದೇ ನನ್ನ ಜಾಯಮಾನ.

ಕಥೆ ಇಷ್ಟು. ಮುದುಕ ಡ್ರೈವರೊಬ್ಬ ಸತ್ತಿದ್ದಾನೆ. ಅವನ ಗಾಡಿಯ ನೆತ್ತಿಯ ಮೇಲೆಯೇ ಅವನ ಶವದ ಪೆಟ್ಟಿಗೆ ಕಟ್ಟಿ ಊರಿಗೆ ಒಯ್ಯುವಾಗ ಸೇತುವೆಯ ಹತ್ತಿರ ಎಂಜಿನ್ ನಿಂತುಹೋಗುತ್ತದೆ. ನಮ್ಮಲ್ಲಿ ಹೆಣ ಹೊತ್ತ ಗಾಡಿ ನಡುದಾರಿಯಲ್ಲಿ ನಿಂತರೆ ಯಾರೂ ಬಾನೆಟ್ ಎತ್ತಿ ನೋಡುವುದಿಲ್ಲ. ಸತ್ತವನಿಗೆ ಹೇಳಬೇಕಾದ ಮಾತು ಯಾರದೋ ಬಾಯಲ್ಲಿ ಉಳಿದಿದೆ ಎಂದರ್ಥ. ಒಬ್ಬೊಬ್ಬರೇ ಇಳಿದು ಪೆಟ್ಟಿಗೆಗೆ ಮಾತಾಡಬೇಕು, ನಿಜ ಹೇಳಿದರೆ ಗಾಡಿ ಹೊರಡುತ್ತದೆ. ಕಥೆಯಲ್ಲಿ ಹೆಂಡತಿ ಮಾತಾಡುತ್ತಾಳೆ, ಹೊರಡುವುದಿಲ್ಲ. ಮಗ ಮಾತಾಡುತ್ತಾನೆ, ಹೊರಡುವುದಿಲ್ಲ. ಕೊನೆಗೆ ಕಂಡಕ್ಟರ್ ಇಳಿಯುತ್ತಾನೆ. ಅವನ ಮಾತನ್ನು ಅವಳು ಹೀಗೆ ಬರೆದಿದ್ದಳು: "ಇಷ್ಟು ವರ್ಷ ಜೊತೇಲಿದ್ವಿ. ನಿನ್ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಕಣೋ. ಹೇಳ್ಬಿಟ್ಟೆ. ಇನ್ನು ಮನೆಗೆ ಹೋಗೋಣ."

ಓದಿದಾಗ ನನ್ನ ಕಿವಿ ಬಿಸಿಯಾಯಿತು. ಊರೆಲ್ಲ ಬಿಟ್ಟು ಈ ಮಾತನ್ನು ನನ್ನ ಬಾಯಿಗೇ ಏಕೆ ಇಟ್ಟಳು? ನನ್ನೊಳಗನ್ನು ಕಂಡುಕೊಂಡಿದ್ದಾಳೆ, ಇಡೀ ಸಿಯಾಯ ದಾರಿಯ ಎದುರು ನನ್ನಿಂದಲೇ ಒಪ್ಪಿಸಿ ನಗಬೇಕೆಂದಿದ್ದಾಳೆ ಎಂದುಕೊಂಡೆ. ಆಗಲಿ, ನೋಡಿಕೊಳ್ಳುತ್ತೇನೆ ಎಂದುಕೊಂಡೆ.

ಚಿತ್ರ ತೆಗೆದದ್ದು ಒಂದು ಶನಿವಾರ ಮಧ್ಯಾಹ್ನ. ಹೆಂಡತಿಯ ಗೊಂಬೆ ಅಕೇಯೊಳದು, ಮಗನದು ಒಂಡಿಟಿಯ ತಮ್ಮನದು, ಕಂಡಕ್ಟರ್ ನನ್ನದು. ಮೂರೂ ಗೊಂಬೆಗಳು ಸೇತುವೆಯ ಪಕ್ಕ ಗಾಡಿಯತ್ತ ಮುಖ ಮಾಡಿ ನಿಂತವು. ಅವರಿಬ್ಬರ ಮಾತು ಮುಗಿಯಿತು. ನನ್ನ ಸರದಿ ಬಂದಾಗ ನಾನು ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಮೈಕಿನಲ್ಲಿ ಮಾತು ಮಾತ್ರ ಹೇಳಿದೆ. ತಲೆ ಅಲ್ಲಾಡಲಿಲ್ಲ. ಮಾತು ಯಾರದೆಂದು ತಿಳಿಯದೆ ಜನ ಕಕ್ಕಾಬಿಕ್ಕಿಯಾಗಲಿ, ಅವಳ ಕಥೆಯ ಕತ್ತು ಅಲ್ಲೇ ಮುರಿಯಲಿ ಎಂಬುದೇ ನನ್ನ ಉದ್ದೇಶ. ಬೇರೇನೂ ಅಲ್ಲ.

ಒಂಡಿಟಿ ತಿರುಗಿ, ತಲೆಯಾಡಿಸಲಿಲ್ಲವಲ್ಲ, ಇನ್ನೊಂದು ಸಲ ಮಾಡೋಣ ಎಂದ. ಮೌಸ್ ಕೈಕೊಟ್ಟಿತು ಎಂದು ಸುಳ್ಳು ಹೇಳಿದೆ. ಅಕೇಯೊ ಹಿಡಿದಿಟ್ಟ ವಿಡಿಯೊ ಹಾಕಿಸಿ ನೋಡಿದಳು, ಮತ್ತೆ ಹಾಕಿಸಿದಳು. ಆಮೇಲೆ, "ಮುಟ್ಬೇಡಿ, ಹಾಗೇ ಇರ್ಲಿ" ಎಂದಳು. ನಾನು ಒಳಗೊಳಗೇ ಹಿಗ್ಗಿದೆ. ಅವಳ ಕಣ್ಣಿಗೂ ಒಂದು ದಿನ ಮಂಜು ಕವಿಯಿತಲ್ಲ.

ಡಿಸೆಂಬರ್ ಇಪ್ಪತ್ತರಂದು ಸಿಯಾಯ ಗಾಡಿ ಹತ್ತಿದೆ. ಊರಿಗೆ ಹೋಗುವುದೂ ಇತ್ತು, ಆದರೆ ಮುಖ್ಯವಾಗಿ ಅವಳ ಕಥೆ ಮಕಾಡೆ ಬೀಳುವುದನ್ನು ನೋಡಬೇಕಿತ್ತು. ಸೀಟುಗಳ ನಡುವೆಯೂ ಜನ, ಕೋಳಿ, ಸಕ್ಕರೆ ಚೀಲ. ವಿಡಿಯೊ ಶುರುವಾದಾಗ ಅರ್ಧ ಜನ ಹರಟುತ್ತಿದ್ದರು. ಪರದೆಯಲ್ಲಿ ಗಾಡಿ ನಿಂತಾಗ ಹರಟೆಯೂ ನಿಂತಿತು. ಹೆಂಡತಿ ಮಾತಾಡಿದಳು, ಮಗ ಮಾತಾಡಿದ. ಆಮೇಲೆ ಮೂರು ತಲೆಗಳೂ ಕದಲದೆ ನಿಂತವು, ಮೂವರ ಮೇಲೆ ಗಾಡಿಯ ನೆತ್ತಿಯಲ್ಲಿ ಪೆಟ್ಟಿಗೆ. ನನ್ನ ದನಿ ಬಂತು. ನಿನ್ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಕಣೋ.

ನನ್ನ ಪಕ್ಕ ಕೋಳಿ ಹಿಡಿದು ಕೂತಿದ್ದ ಹೆಂಗಸು ಬಹಳ ಮೆಲ್ಲಗೆ, "ಸತ್ತೋನೇ ಮಾತಾಡ್ದ" ಎಂದಳು.

ಪರದೆಯ ಗಾಡಿ ಗುರ್ ಎಂದು ಹೊರಟಿತು. ಹಿಂದಿನ ಸೀಟಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಕೊನೆಯಲ್ಲಿ ದೊಡ್ಡಕ್ಷರದಲ್ಲಿ ಹೆಸರು ಬಂತು: ಕಥೆ, ಅಕೇಯೊ ಮತ್ತು ಮೇಷ್ಟ್ರು ಒಯೂಗಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದ್ದು ಬಂದು ಕೈ ಕುಲುಕಿ, ಸತ್ತವನಿಂದ ಮಾತಾಡಿಸಿದ್ದು ನೀವೇ ಅಂತೆ, ಅಕೇಯೊ ಸಂತೆಯಲ್ಲೆಲ್ಲ ಹೇಳಿಕೊಂಡು ಓಡಾಡುತ್ತಿದ್ದಾಳೆ ಎಂದ. ನಾನು ಎರಡು ವಾರ ಊಟ ಬಿಟ್ಟು ಬಯಸಿದ್ದ ಹೆಸರು ಅದು. ಕಣ್ಣೆದುರಿಗೇ ಬಂದಾಗ ಸೀಟಿನ ಕೆಳಗೆ ಅವಿತುಕೊಳ್ಳಬೇಕೆನಿಸಿತು.

ಮರುದಿನವೇ ಕಿಸುಮುವಿಗೆ ವಾಪಸು ಬಂದು ಸಂತೆಗೆ ಹೋದೆ. ಅಕೇಯೊ ಮೀನು ಮಗುಚುತ್ತಿದ್ದಳು. ಗಿರಾಕಿಗಳು ಹೋಗುವವರೆಗೆ ಕಾದು, ಇದ್ದದ್ದು ಇದ್ದ ಹಾಗೆ ಹೇಳಿದೆ. ಮೌಸ್ ಕೆಟ್ಟಿರಲಿಲ್ಲ, ಬೇಕೆಂದೇ ಕೈ ತೆಗೆದೆ, ನಿನ್ನ ಕಥೆ ಹಾಳಾಗಲಿ ಎಂದೇ ತೆಗೆದೆ. ನೀನು ನನ್ನ ಹೊಟ್ಟೆಕಿಚ್ಚನ್ನು ಬರೆದು ನನ್ನಿಂದಲೇ ಹೇಳಿಸಿದ್ದಕ್ಕೆ ನನಗೆ ಅಷ್ಟು ಸಿಟ್ಟು ಬಂದಿತ್ತು ಎಂದೆ.

ಅವಳು ಸೌಟು ಕೆಳಗಿಟ್ಟು ನನ್ನನ್ನು ನೋಡಿದಳು. ನಿಜವಾಗಿಯೂ ಬೆರಗಾಗಿದ್ದಳು.

"ನಿಮ್ದಾ? ಅದು ನಿಮ್ದಲ್ಲ ಮೇಷ್ಟ್ರೇ, ನಂದು. ನಿಮ್ ಶಾಲೆ ಗೋಡೆ ಈಚೆ ನಮ್ಮವ್ವ ಮೀನು ಕರೀತಿದ್ಲು. ನಾನು ಶಾಲೆ ಬಿಟ್ಟ ವರ್ಷಾನೇ ನಿಮ್ಗೆ ಮೊದಲ್ನೇ ಬಹುಮಾನ ಬಂದಿದ್ದು. ಮಕ್ಳು ನಿಮ್ಮನ್ನ ಹೆಗಲ ಮೇಲೆ ಹೊತ್ಕೊಂಡು ಹೋದ್ರು, ನಾನು ಬಾಣಲೆ ಉಜ್ತಾ ನೋಡ್ದೆ. ಅವತ್ತಿಂದ ಇವತ್ತಿನವರ್ಗೂ ಹೊಟ್ಟೆ ಉರೀತಾನೇ ಇದೆ. ನಿಮ್ ಮುಖ ನೋಡ್ಕೊಂಡು ಹೇಳೋಕೆ ಧೈರ್ಯ ಬರ್ಲಿಲ್ಲ. ಅದಕ್ಕೇ ನಿಮ್ ಬಾಯಿಂದ್ಲೇ ಹೇಳಿಸ್ದೆ."

ಅವಳು ಎರಡು ಮೀನು ಕಾಗದದಲ್ಲಿ ಸುತ್ತಿ ಕೈಗಿಟ್ಟಳು. ಮುಂದಿನ ಕಥೆ ಅರ್ಧ ಆಗಿದೆ, ಸಂಜೆ ಕೆಂಪು ಶಾಯಿ ತನ್ನಿ ಎಂದಳು.

ಮನೆಯವರೆಗೂ ಆ ಮೀನು ಹಿಡಿದು ನಡೆದೆ. ಹನ್ನೊಂದು ವರ್ಷ ನಾಟಕ ಬರೆದ ನನಗೆ ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಒಂದು ಸಾಲು ಬರೆಯಲು ಆಗಿರಲಿಲ್ಲ. ಅವಳು ತನ್ನದನ್ನು ಬರೆದಿದ್ದಳು, ಅದೂ ನಾನು ನನ್ನದೇ ಎಂದು ನಂಬುವಷ್ಟು ಚೆನ್ನಾಗಿ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಸಂಜೆ ಶಾಯಿ ತೆಗೆದುಕೊಂಡು ಹೋದೆ.