ಉದ್ದ ಮೂಗಿನ ಡಕೋಟಾ

ನನ್ನ ಗಂಡ ತೀರಿಕೊಂಡಾಗ ಅವರ ಮೇಜಿನ ಮೇಲೆ ಒಂದು ಮಾದರಿ ವಿಮಾನ ಅರ್ಧಕ್ಕೆ ನಿಂತಿತ್ತು. ಗೇಣಿಗಿಂತ ತುಸು ಉದ್ದದ ಡಕೋಟಾ. ಎಂಜಿನ್ ಕೂರಬೇಕಾದ ಎರಡೂ ಕಡೆ ಬರೀ ತೂತು. ದೋಣಿಮಲೈ ಗಣಿಯಲ್ಲಿ ಡಂಪರ್ ಮೆಕ್ಯಾನಿಕ್ ಆಗಿದ್ದ ಅವರಿಗೆ ಹಳೆಯ ಪ್ರಯಾಣಿಕರ ವಿಮಾನಗಳ ಮಾದರಿ ಮಾಡುವ ಹುಚ್ಚು. ಅದರಲ್ಲೂ ಹೊಸ ಎಂಜಿನ್ ಹಾಕಿಸಿಕೊಂಡು ಇನ್ನೂ ಹಾರುತ್ತಿರುವ ಹಳೆಯವೆಂದರೆ ಪ್ರಾಣ.

ಕ್ವಾರ್ಟರ್ಸ್ ಬಿಟ್ಟು ಹೊಸಪೇಟೆಗೆ ಬಂದಾಗ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದೆ.

ವರ್ಷದ ಪೂಜೆಗೆ ಇಪ್ಪತ್ತು ದಿನ ಇರುವಾಗ ಕಂಪ್ಲಿಯಿಂದ ಭಾವ ಬಂದರು. ಅವರದು ಅಲ್ಲಿ ಅಕ್ಕಿ ಗಿರಣಿ. ನಮ್ಮ ಮನೆತನದಲ್ಲಿ ಆ ದಿನ ತೀರಿದವರ ಇಷ್ಟದ ವಸ್ತುವನ್ನು ಎಡೆಯ ಪಕ್ಕ ಇಡುತ್ತಾರೆ. ಅದು ಮುರಿದಿರಬಾರದು, ಅರೆಬರೆ ಇರಬಾರದು. ವಿಮಾನ ಇಡೋಣ ಎಂದು ಹೇಳಿದ್ದು ನಾನೇ.

ಭಾವ ಫೋನಿನಲ್ಲಿ ನಿಜವಾದ ಡಕೋಟಾದ ಚಿತ್ರ ಹುಡುಕಿ ಮಾದರಿಯ ಪಕ್ಕಕ್ಕೆ ಹಿಡಿದರು.

“ತಮ್ಮ ಅಳತಿ ತಪ್ಪ್ಯಾನ ನೋಡವ್ವಾ. ರೆಕ್ಕಿ ಮುಂದ ಒಂದು ಬೆರಳು ಜಾಸ್ತಿ ಐತಿ. ನಮ್ಮ ಬಡಗಿ ಕೊಯ್ದು ಸರಿ ಮಾಡ್ತಾನ. ಚಿತ್ರದಾಗಿನಂಗ ಗುಂಡನ್ನ ಎಂಜಿನ್ ಎರಡು ಹಚ್ಚಿದ್ರ ಮುಗೀತು.”

“ಕೊಯ್ಯೋದು ಬ್ಯಾಡ್ರಿ.”

“ಡಕೋಟಾ ಗಾಡಿಗೆ ಇಷ್ಟು ಉಪಚಾರ ಯಾಕವ್ವಾ? ನೋಡೋರಿಗೆ ಏನ್ ತಿಳೀತೈತಿ?”

ನನಗೂ ತಿಳಿದಿರಲಿಲ್ಲ. ಭಾವ ಹೋದ ಮೇಲೆ ರೆಕ್ಕೆಯ ಮುಂದಿನ ಆ ಜಾಗವನ್ನು ಬೆರಳಿನಿಂದ ಸವರಿದೆ. ಬೆಸುಗೆಯ ಗೆರೆಯ ಮೇಲೆ ಸೂಜಿಯಿಂದ ಚುಚ್ಚಿದ ಎರಡು ಚುಕ್ಕಿಗಳಿದ್ದವು. ಗಣಿಯ ವರ್ಕ್‌ಶಾಪಿನಲ್ಲಿ ನನ್ನ ಗಂಡನ ತಂಡದ್ದೊಂದು ರೂಢಿಯಿತ್ತು. ಬೇಕೆಂದೇ ಕೊಯ್ದು ಕೂಡಿಸಿದ ಕಡೆ ಎರಡು ಚುಕ್ಕಿ ಹೊಡೆಯುವುದು, ಮುಂದಿನ ಪಾಳಿಯವರು ತಪ್ಪೆಂದುಕೊಂಡು ಬಿಚ್ಚಬಾರದೆಂದು. ನನ್ನ ಊಟದ ಡಬ್ಬಿಯ ಹಿಡಿಯನ್ನು ರಿಪೇರಿ ಮಾಡಿದಾಗಲೂ ಹಾಗೇ ಹೊಡೆದಿದ್ದರು. ಅಂದರೆ ಅಳತೆ ತಪ್ಪಿರಲಿಲ್ಲ. ಬೇಕೆಂದೇ ಯಾಕೆ ಉದ್ದ ಮಾಡಿದ್ದರು ಎಂಬುದಷ್ಟೇ ಗೊತ್ತಾಗಬೇಕಿತ್ತು.

ನಾನು ಓದಿದ್ದು ಹತ್ತನೆಯ ತರಗತಿಯ ತನಕ. ಇಂಗ್ಲಿಷ್ ಪುಟಗಳನ್ನು ಫೋನಿನಲ್ಲೇ ಕನ್ನಡಕ್ಕೆ ತಿರುಗಿಸಿ ಓದಿದೆ. ಡಕೋಟಾಗಳಿಗೆ ಬೇರೆ ಬೇರೆ ಎಂಜಿನ್ ಹಾಕಿದ್ದಾರೆ. ಕೆಲವಕ್ಕೆ ಎಂಜಿನ್ ಬದಲಾದರೂ ಮೈ ಹಾಗೇ ಉಳಿದಿದೆ. ನಾನು ನೋಡಿದವುಗಳಲ್ಲಿ ಮೈ ಉದ್ದ ಮಾಡಿದ್ದಕ್ಕೆಲ್ಲ ಸಪೂರ ಎಂಜಿನ್, ಐದು ಅಲಗಿನ ಪಂಖ. ಆದರೆ ಎಂಜಿನ್ ಬದಲಾದರೆ ಮೈ ಯಾಕೆ ಉದ್ದವಾಗಬೇಕು?

ಕೇಳಲು ಮಾದರಿಯನ್ನು ಚೀಲದಲ್ಲಿಟ್ಟುಕೊಂಡು ದೋಣಿಮಲೈ ಬಸ್ಸು ಹತ್ತಿದೆ. ಅವರ ಜೊತೆ ಕೆಲಸ ಮಾಡಿದವರೊಬ್ಬರು ಕ್ಯಾಂಟೀನಿನಲ್ಲಿ ಸಿಕ್ಕರು. ವಿಮಾನವನ್ನು ತಿರುಗಿಸಿ ನೋಡಿ ನಕ್ಕರು.

“ಹಳೇ ಎಂಜಿನ್ ಭಾಳ ಭಾರ ಅಕ್ಕಾರ, ಹೊಸದು ಹಗುರ. ಪಾರ್ಕಿನ್ಯಾಗ ಹುಡುಗ್ರು ಹಲಗಿ ಮ್ಯಾಲೆ ಏರಿಳಿದು ಆಡ್ತಾವಲ್ರಿ, ಹಗುರ ಇದ್ದದ್ದು ತುದಿಗೆ ಕುಂದ್ರಬೇಕು. ಅದಕ್ಕ ಎಂಜಿನ್ನು, ಮೂಗು ಎರಡೂ ಮುಂದ ಸರಿಸ್ಯಾರ. ಇಲ್ಲಂದ್ರ ಬಾಲ ಕುಸೀತೈತಿ.” ಆಮೇಲೆ ದನಿ ತಗ್ಗಿಸಿ, “ನಾವೆಲ್ಲ ಇದಕ್ಕ ಕತ್ತೆ ಮೂಗು ಅಂತ ಕಾಡ್ತಿದ್ವಿ. ಒಂದಿನಾನೂ ಬಿಡಿಸಿ ಹೇಳ್ಲಿಲ್ಲ ನೋಡ್ರಿ ಪುಣ್ಯಾತ್ಮ,” ಎಂದರು.

ಮಾರನೆಯ ದಿನದಿಂದ ಅವರ ಕುರ್ಚಿಯಲ್ಲಿ ಕುಳಿತು ಪ್ಲಾಸ್ಟಿಕ್ ಹಾಳೆ ಕತ್ತರಿಸಿದೆ. ಐದು ಅಲಗಿಗಾಗಿ ಇಪ್ಪತ್ತಾದರೂ ಕೆಟ್ಟವು. ಎಡಗಡೆಯ ಎಂಜಿನ್ ಮುಗಿಯಿತು. ಬಲಗಡೆಯದಕ್ಕೆ ಹೊಗೆಯ ಕೊಳವೆ ಎತ್ತ ಬಾಗುತ್ತದೆ ಎಂದು ತಿಳಿಯಲಿಲ್ಲ. ಸಿಕ್ಕ ಒಳ್ಳೆಯ ಚಿತ್ರಗಳೆಲ್ಲ ಎಡಬದಿಯಿಂದ ತೆಗೆದವು. ಅಂದಾಜಿನಲ್ಲಿ ಮಾಡಲು ಮನಸ್ಸು ಒಪ್ಪಲಿಲ್ಲ. ಅವರು ಮಾಡುತ್ತಿರಲಿಲ್ಲ.

ಪೂಜೆಯ ದಿನ ಒಂದೇ ಎಂಜಿನ್ನಿನ ವಿಮಾನವನ್ನು ಎಡೆಯ ಪಕ್ಕ ಇಟ್ಟೆ. ಬಂದವರು ಗುಸುಗುಸು ಮಾಡಿದರು. ಭಾವ ಕರವಸ್ತ್ರ ಬಿಚ್ಚಿದರು. ಒಳಗೆ ಬಡಗಿ ಮಾಡಿದ ಎರಡು ಗುಂಡನೆಯ ಎಂಜಿನ್‌ಗಳಿದ್ದವು.

“ಅರೆಬರೆ ಇಡಬಾರದು ಅಂತ ಗೊತ್ತಿಲ್ಲೇನವ್ವಾ? ಇವತ್ತೊಂದಿನ ಇವನ್ನ ಹಚ್ಚು.”

“ಗೊತ್ತೈತ್ರಿ. ಅವ್ರೂ ಅರ್ಧಕ್ಕ ಹೋದ್ರಲ್ಲ, ಅವ್ರ ಫೋಟೋ ಇಟ್ಟಿಲ್ಲೇನ್ರಿ? ತಪ್ಪು ಎಂಜಿನ್ ಹಚ್ಚಿ ಅವ್ರ ಮುಂದ ನಾ ಇಡಂಗಿಲ್ಲ.”

ಭಾವನ ಎದುರು ನಾನು ದನಿಯೆತ್ತಿದ್ದು ಅದೇ ಮೊದಲು. ವಿಮಾನವನ್ನು ಸರಿಸಲಿಲ್ಲ. ಅವರು ಕರವಸ್ತ್ರ ಕಟ್ಟಿ ಜೇಬಿಗಿಟ್ಟು ಊದುಬತ್ತಿ ಹಚ್ಚಿದರು.

ಉಳಿದವರೆಲ್ಲ ಉಂಡು ಹೋದ ಮೇಲೆ ಭಾವ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಕೇಳಿದರು: “ಆ ಇನ್ನೊಂದು ಯಾವಾಗ ಮುಗಸ್ತಿ?”

“ಬಲಗಡೆ ಚಿತ್ರ ಸಿಕ್ಕಾಗ,” ಎಂದೆ.