ಪರೀಕ್ಷೆಗೆಂದು ಕಾದಿಟ್ಟ ಕಾಲು

ಫಿಸಿಯೋಥೆರಪಿ ಕಾಲೇಜಿನ ಹುಡುಗರು ಆಕೆಗೆ ಇಟ್ಟ ಹೆಸರು ಕೇಸಮ್ಮ. ಇಟ್ಟವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಲ್ಲಿ ರೋಗಿಯನ್ನು ರೋಗಿ ಎನ್ನುವ ರೂಢಿಯಿಲ್ಲ, ಕೇಸು ಎನ್ನುತ್ತಾರೆ. ಕೇಸಿಗೆ ತಲೆ ನೆರೆತಿದ್ದರೆ ಮರ್ಯಾದೆಗೆಂದು ಒಂದು ‘ಅಮ್ಮ’ ಸೇರಿಸುತ್ತಾರೆ. ಆಕೆಯೂ ಬೇಸರ ಮಾಡಿಕೊಂಡವಳಲ್ಲ. “ಕೋರ್ಟು ಮೆಟ್ಟಿಲು ಹತ್ತದೇನೇ ಕೇಸಾಗ್ಬಿಟ್ಟೆ ನೋಡು” ಎಂದು ತಂಗಿಯ ಎದುರು ನಗುತ್ತಿದ್ದಳು.

ಕೇಸಾಗುವ ಮೊದಲು ಆಕೆ ಬಸ್ ಕಂಡಕ್ಟರ್. ಓಡುವ ಬಸ್ಸಿನಲ್ಲಿ ಕಂಬಿ ಮುಟ್ಟದೆ ಹಿಂಬಾಗಿಲಿನಿಂದ ಮುಂಬಾಗಿಲಿಗೆ ನಡೆದು ಬರುತ್ತಿದ್ದಳು. ಆಕೆ ದನಿ ಎತ್ತಿದರೆ ಹಿಂದೆ ಬರುತ್ತಿದ್ದ ಬಸ್ಸಿನವರೂ ಒಳಗೆ ಸರಿಯುತ್ತಾರೆ ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಡಿಪೋದ ಬೆಂಚಿನ ಮೇಲೆ ಕೂತು ಶೂ ಕಟ್ಟಲು ಬಗ್ಗಿದವಳು ಹಾಗೇ ಪಕ್ಕಕ್ಕೆ ವಾಲಿದಳು. ಲಕ್ವ ಹೊಡೆದಿತ್ತು. ಜೀವ ಉಳಿಯಿತು, ಮಾತು ಉಳಿಯಿತು. ಎಡಗೈ ಮುಷ್ಟಿ ಕಟ್ಟಿಕೊಂಡಿತು, ಎಡಪಾದ ಜೋತುಬಿದ್ದಿತು.

ಅಲ್ಲಿಂದ ಮುಂದೆ ತಂಗಿಯ ಮನೆಯೇ ಗತಿ. ಆ ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದಲ್ಲಿ. ಮೆಟ್ಟಿಲಿನ ಅಂಚಿಗೆ ಪಾದದ ಬೆರಳು ಸಿಕ್ಕಿ ಮುಗ್ಗರಿಸಿ ಒಮ್ಮೆ ಹಲ್ಲು ಮುರಿದುಕೊಂಡ ಮೇಲೆ ಆಕೆ ನಿಂತು ಇಳಿಯುವುದನ್ನೇ ಬಿಟ್ಟಳು. ಕುಂಡಿಯೂರಿ, ಒಂದೊಂದೇ ಮೆಟ್ಟಿಲು ಜಾರಿ ಇಳಿಯುತ್ತಿದ್ದಳು. ಆಕೆಯ ಬಟ್ಟೆಗಳೆಲ್ಲ ಹಿಂದೆ ಸವೆದು ಬಲೆಯಂತಾಗಿದ್ದವು. ಮೇಲಿನ ಮನೆಯ ಮಕ್ಕಳು ಅಕ್ಕಪಕ್ಕ ಹಾರಿಕೊಂಡು ಹೋಗುವಾಗ ಆಕೆ ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತಿದ್ದಳು. ಊರೆಲ್ಲ ಸುತ್ತಿದ ಹೆಂಗಸಿಗೆ ಈಗ ಇದ್ದದ್ದು ಒಂದೇ ಆಸೆ: ಯಾರನ್ನೂ ಕರೆಯದೆ, ನಿಂತ ಕಾಲಲ್ಲಿ ಕೆಳಗಿಳಿದು ಬೀದಿಗೆ ಹೋಗಬೇಕು.

ಅದಕ್ಕೆಂದೇ ತಂಗಿ ಆಕೆಯನ್ನು ಕಾಲೇಜಿಗೆ ಸೇರಿದ ಆಸ್ಪತ್ರೆಗೆ ಕರೆತಂದಿದ್ದಳು. ಮೊದಮೊದಲು ವಿದ್ಯಾರ್ಥಿಗಳು ಕೈಕಾಲು ಎಳೆದು ಬಗ್ಗಿಸಿ ವ್ಯಾಯಾಮ ಮಾಡಿಸಿದರು. ಆಮೇಲೊಂದು ದಿನ ವಿಭಾಗದ ಮುಖ್ಯಸ್ಥರು, ಎಲ್ಲರೂ ದೊಡ್ಡ ಸರ್ ಎನ್ನುತ್ತಿದ್ದವರು, ಬಾಗಿಲಲ್ಲಿ ನಿಂತು ಆಕೆಯ ನಡಿಗೆ ನೋಡಿದರು. ಬೆರಳು ನೆಲ ಕೆರೆಯದಿರಲೆಂದು ಆಕೆ ಸೊಂಟ ಎತ್ತಿ, ಇಡೀ ಕಾಲನ್ನು ಹೊರಗೆ ಅರ್ಧಚಂದ್ರಾಕಾರದಲ್ಲಿ ಬೀಸಿ ಮುಂದೆ ತರುತ್ತಿದ್ದಳು. ಮೊಣಕೈ ಮಡಚಿ ಮುಷ್ಟಿ ಎದೆಗೆ ಅಂಟಿತ್ತು. ದೊಡ್ಡ ಸರ್ ಮುಖ ಅರಳಿತು.

“ಬನ್ರೋ, ಎಲ್ಲಾ ಬನ್ರೋ! ಪುಸ್ತಕದ ಚಿತ್ರ ಎದ್ದು ನಡೀತಾ ಇದೆ ನೋಡಿ!”

ಹೀಗೆ ಆಕೆ ಪರೀಕ್ಷೆಯ ಕೇಸಾದಳು. ವರ್ಷವರ್ಷವೂ ಪ್ರಾಯೋಗಿಕ ಪರೀಕ್ಷೆ ಬಂದಾಗ ಕಾಲೇಜಿನ ಕಾರು ಮನೆಯ ಮುಂದೆ ನಿಲ್ಲುತ್ತಿತ್ತು. ವಿದ್ಯಾರ್ಥಿಗಳು ಸಾಲಾಗಿ ಬಂದು ಮೊಣಕಾಲಿಗೆ ತಟ್ಟುವರು, ಪಾದ ಕೆರೆಯುವರು, ಬಿಳಿ ಗೆರೆಯ ಮೇಲೆ ನಡೆಸುವರು. “ಇವರಿಗೆ ಏನು ಚಿಕಿತ್ಸೆ ಕೊಡ್ತೀಯ?” ಎಂದು ಪರೀಕ್ಷಕರು ಕೇಳಿದರೆ ಬಾಯಿ ತಿರುಗದ ದೊಡ್ಡ ದೊಡ್ಡ ಪದಗಳಲ್ಲಿ ಉತ್ತರ ಒಪ್ಪಿಸುವರು. ಚೆನ್ನಾಗಿ ಹೇಳಿದ ಹುಡುಗಿ ಅಂಕ ತೆಗೆದುಕೊಂಡು ಮನೆಗೆ ಹೋಗುವಳು. ಚಿಕಿತ್ಸೆ ಆ ಹುಡುಗಿಯ ಬಾಯಲ್ಲೇ ಉಳಿಯುತ್ತಿತ್ತು.

ದೊಡ್ಡ ಸರ್ ಆಕೆಯನ್ನು ಸಂಶೋಧನೆಗೂ ಸೇರಿಸಿಕೊಂಡರು. ಸೊಂಟಕ್ಕೆ, ಮಂಡಿಗೆ, ಹಿಮ್ಮಡಿಗೆ ಹುಡುಗರಿಂದ ಹೊಳೆಯುವ ಚುಕ್ಕಿ ಹಚ್ಚಿಸಿ ವರ್ಷಕ್ಕೊಮ್ಮೆ ಆಕೆಯ ನಡಿಗೆಯನ್ನು ಫಿಲಂ ತೆಗೆಯುತ್ತಿದ್ದರು. “ನಿಮ್ಮ ನಡಿಗೆ ಎಷ್ಟು ದೇಶ ಸುತ್ತಿದೆ ಗೊತ್ತೇನಮ್ಮಾ? ಎಲ್ಲಾ ಸಮ್ಮೇಳನದಲ್ಲೂ ಚಪ್ಪಾಳೆ!” ಎನ್ನುತ್ತಿದ್ದರು. ಆಕೆ ಹಿಗ್ಗಿ ಹೀರೆಕಾಯಾಗುತ್ತಿದ್ದಳು. ಮನೆಯಲ್ಲಿ ಲೋಟ ತೊಳೆಯಲೂ ಬಾರದವಳು ಎನಿಸಿಕೊಂಡ ಹೆಂಗಸಿಗೆ ಎಲ್ಲೋ ತಾನು ಬೇಕಾಗಿದ್ದೇನೆ ಎಂಬುದೇ ಒಂದು ಔಷಧ. ನಡಿಗೆ ದೇಶ ಸುತ್ತಿತು, ನಡೆಯುವವಳು ಮಾತ್ರ ಕಿಟಕಿಯ ಬಳಿ ಕೂತೇ ಇದ್ದಳು. ಇದು ಆಗ ಯಾರಿಗೂ ತಮಾಷೆಯಾಗಿ ಕಾಣಲಿಲ್ಲ, ಅನ್ಯಾಯವಾಗಿಯೂ ಕಾಣಲಿಲ್ಲ.

ಕಣ್ಣು ತೆರೆಸಿದವಳು, ಪರೀಕ್ಷೆಗೆ ಮುಂಚೆ ಮಾತ್ರೆಗೆಂದು ಹೋದ ದಿನ ಆಸ್ಪತ್ರೆಯ ಕಾಯುವ ಬೆಂಚಿನಲ್ಲಿ ಸಿಕ್ಕ ಒಬ್ಬ ಹೆಂಗಸು. ಅವಳಿಗೂ ಲಕ್ವ, ಅವಳದೂ ಎಡಗಾಲೇ. ಆದರೆ ಅವಳು ಕೈಚೀಲ ತೂಗುಹಾಕಿಕೊಂಡು ಒಬ್ಬಳೇ ಬಸ್ಸಿಳಿದು ಬಂದಿದ್ದಳು. ಕೇಸಮ್ಮ ಬಿಟ್ಟ ಕಣ್ಣು ಬಿಟ್ಟಂತೆ ಅವಳ ಪಾದ ನೋಡಿದಳು.

“ಅದೇನದು, ಶೂ ಒಳಗೆ?”

“ಸ್ಪ್ಲಿಂಟು. ಪ್ಲಾಸ್ಟಿಕ್ಕು. ಬೆರಳು ಜೋತುಬೀಳದ ಹಾಗೆ ಹಿಡ್ಕೊಳ್ಳತ್ತೆ. ಬಂದ ತಿಂಗಳೇ ಕೊಟ್ರಲ್ಲ! ನಿಮಗೆ ಕೊಡ್ಲಿಲ್ವಾ?”

ಕೇಸಮ್ಮ ಎದ್ದು, ಕಾಲು ಬೀಸುತ್ತ ದೊಡ್ಡ ಸರ್ ಕೋಣೆಗೇ ಹೋದಳು. ಅವರು ಬೈಯಲಿಲ್ಲ, ಹೊರಗೆ ಕಳಿಸಲಿಲ್ಲ. ಕುರ್ಚಿ ಎಳೆದು ಕೂರಿಸಿದರು.

“ಕೊಡೋಣಮ್ಮ, ಖಂಡಿತ ಕೊಡೋಣ. ಪರೀಕ್ಷೆ ಒಂದು ಮುಗೀಲಿ. ಫಿಲಂ ಬೇರೆ ಬಾಕಿ ಇದೆ. ಈಗ ಕೊಟ್ರೆ ನಡಿಗೆ ಕೆಟ್ಟುಹೋಗುತ್ತೆ.”

ಕೆಟ್ಟುಹೋಗುತ್ತದೆಯಂತೆ! ಒಳ್ಳೆಯ ನಡಿಗೆಯೊಂದನ್ನು ಕಷ್ಟಪಟ್ಟು ಬೆಳೆಸಿ ಕಾಪಾಡಿಕೊಂಡು ಬಂದಿದ್ದವರ ಮಾತಿದು. ದೊಡ್ಡ ಸರ್ ಕೆಟ್ಟ ಮನುಷ್ಯರಲ್ಲ. ಮೈ ಉರಿಯುವುದು ಅದಕ್ಕೇ. ಕೆಟ್ಟವರಾಗಿದ್ದರೆ ನಾಲ್ಕು ಮಾತು ಅಂದು ಹಗುರಾಗಬಹುದಿತ್ತು. ಇವರು ನಗುನಗುತ್ತ ಟೀ ತರಿಸಿದರು. ಕೇಸಮ್ಮ ಆ ಟೀ ಮುಟ್ಟಲಿಲ್ಲ.

ಹೊರಗೆ ಪಡಸಾಲೆಯಲ್ಲಿ ಗೋಡೆ ಹಿಡಿದು ನಿಂತಿದ್ದವಳನ್ನು ಚಿಕ್ಕ ಮೇಡಂ ಕಂಡರು. ಹೋದ ವರ್ಷವಷ್ಟೇ ಪಾಠ ಮಾಡಲು ಸೇರಿದ್ದವರು.

“ಯಾಕಮ್ಮ, ಮೈ ಹುಷಾರಿಲ್ವಾ?”

“ಈ ಸ್ಪ್ಲಿಂಟು ಅನ್ನೋದು ಎಷ್ಟು ವರ್ಷದಿಂದ ಇದೆ ಮೇಡಂ?”

ಚಿಕ್ಕ ಮೇಡಂ ತಡವರಿಸಿದರು. “ನಾವು ಓದೋಕ್ ಮುಂಚಿಂದ್ಲೂ ಇದೆ.”

“ಹುಡುಗರಿಗೆ ಗೊತ್ತಾ ಇದು?”

“ಪರೀಕ್ಷೇಲಿ ಎಲ್ರೂ ಅದನ್ನೇ ಹೇಳ್ತಾರಲ್ಲ. ನಿಮ್ಮ ಮುಂದೇನೇ. ಇವರಿಗೆ ಸ್ಪ್ಲಿಂಟು ಕೊಡಬೇಕು, ಮೆಟ್ಟಿಲು ಅಭ್ಯಾಸ ಮಾಡಿಸ್ಬೇಕು ಅಂತ...” ಎನ್ನುತ್ತಿದ್ದಂತೆ ಮೇಡಂ ನಾಲಿಗೆ ಕಚ್ಚಿಕೊಂಡರು. “ನಾನು ಹುಡುಗರು ಮಾಡಿಸ್ತಾ ಇದಾರೆ ಅಂದ್ಕೊಂಡಿದ್ದೆ.”

ಹುಡುಗರೂ ಹಾಗೇ ಅಂದುಕೊಂಡಿದ್ದರು, ಮೇಷ್ಟರುಗಳು ನೋಡಿಕೊಳ್ಳುತ್ತಿದ್ದಾರೆ ಎಂದು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಕೇಸಮ್ಮನಿಗೆ ತಲೆಯಲ್ಲಿ ರಕ್ತ ಕುದಿಯಿತು. ಇಷ್ಟು ವರ್ಷ ತನ್ನ ಕಣ್ಣೆದುರಿಗೆ, ತನ್ನ ಕಾಲನ್ನೇ ಬೆರಳಲ್ಲಿ ತೋರಿಸಿ, ತನಗೆ ಬೇಕಾದ ಮದ್ದನ್ನು ತನಗೆ ತಿಳಿಯದ ಮಾತಿನಲ್ಲಿ ಸಾಲುಸಾಲಾಗಿ ಹೇಳಿ ಹೋಗಿದ್ದರು! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮುಕ್ಕಾದ ಹಲ್ಲು, ಸವೆದ ಬಟ್ಟೆ, ಗೋಡೆಗೆ ತಿರುಗಿಸಿದ ಮುಖ, ಇವಕ್ಕೆಲ್ಲ ಯಾರು ಅಂಕ ಕೊಡುತ್ತಾರೆ? ಆಕೆ ಅಲ್ಲೇ ಅತ್ತಳು. ದುಃಖಕ್ಕಲ್ಲ, ಸಿಟ್ಟಿಗೆ.

“ನಡೀರಿ ಮೇಡಂ, ಎಲ್ಲಿ ಮಾಡ್ತಾರೆ ಅದನ್ನ?”

ನೆಲಮಾಳಿಗೆಯ ಕಾರ್ಖಾನೆಯಲ್ಲಿ ಅಚ್ಚು ತೆಗೆದರು. ಚಿಕ್ಕ ಮೇಡಂ ಸ್ಪ್ಲಿಂಟಿನ ಚೀಟಿಗೆ ಸಹಿ ಹಾಕುವಾಗ ಒಂದು ಕ್ಷಣ ಪೆನ್ನು ಹಿಡಿದು ಯೋಚಿಸಿದರು; ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಮೇಲೆ ಹಾಕಿಯೇಬಿಟ್ಟರು. ಸ್ಪ್ಲಿಂಟು ಹಾಕಿದ ಮಾತ್ರಕ್ಕೆ ಯಾರೂ ಕುದುರೆಯಾಗುವುದಿಲ್ಲ. ಪರೀಕ್ಷೆ ಬರುವವರೆಗೂ ಮೇಡಂ ತರಗತಿಗೆ ಮುಂಚೆ ತಂಗಿಯ ಮನೆಗೇ ಬಂದು ಅಭ್ಯಾಸ ಮಾಡಿಸಿದರು. ಸರಿಯಾದ ಕಾಲು ಮೇಲಕ್ಕೆ ಮೊದಲು, ಕೆಟ್ಟ ಕಾಲು ಕೆಳಕ್ಕೆ ಮೊದಲು. ಮೊದಲ ವಾರ ತೊಡೆ ಪದ ಹೇಳಿತು, ಪಟ್ಟಿ ಉಜ್ಜಿ ಹಿಮ್ಮಡಿ ಕೆಂಪಾಯಿತು. ಕೇಸಮ್ಮ ಡಿಪೋದಲ್ಲಿ ಕಲಿತಿದ್ದ ಬೈಗುಳಗಳನ್ನೆಲ್ಲ ಮೆಟ್ಟಿಲಿಗೆ ಅರ್ಪಿಸಿದಳು. ಮೇಡಂಗೆ ಕಿವಿ ಕೆಂಪಾದರೂ ನಗು ಬರುತ್ತಿತ್ತು. ಕೊನೆಗೆ ಕಾಲು ಹೊರಗೆ ಬೀಸುವುದು ಬಹುಮಟ್ಟಿಗೆ ನಿಂತಿತು. ಮುಷ್ಟಿ ಮಾತ್ರ ಬಿಚ್ಚಲಿಲ್ಲ.

ಪರೀಕ್ಷೆಯ ದಿನ ಕಾರು ಬಂದಾಗ ಆಕೆ ಆಗಲೇ ಬೀದಿಯಲ್ಲಿ ನಿಂತಿದ್ದಳು. ಡ್ರೈವರು ಗಾಬರಿಯಾಗಿ ಮೇಲೆ ನೋಡಿದ, ಕೆಳಗೆ ನೋಡಿದ.

ಉದ್ದನೆಯ ಪರೀಕ್ಷಾ ಹಾಲ್, ಹಸಿರು ರೆಕ್ಸಿನ್ನಿನ ಮಂಚಗಳು, ಗೋಡೆಗೆ ಆಳೆತ್ತರದ ಕನ್ನಡಿ. ಹೊರಗಿನಿಂದ ಬಂದ ಪರೀಕ್ಷಕರು ಮೇಜಿನ ಹಿಂದೆ ಕೂತಿದ್ದರು, ಪಕ್ಕದಲ್ಲಿ ದೊಡ್ಡ ಸರ್. ಮೊದಲು ಬಂದ ವಿದ್ಯಾರ್ಥಿ ಕೈಕಟ್ಟಿ ನಿಂತು “ಸ್ವಲ್ಪ ನಡೀರಿ ಅಮ್ಮ” ಎಂದ. ಆಕೆ ನಡೆದಳು. ಪ್ಯಾಂಟಿನ ಕೆಳಗೆ, ಶೂ ಒಳಗೆ ಸ್ಪ್ಲಿಂಟಿತ್ತು. ಹೊಳೆಯುವ ಬಿಳಿ ತುದಿ ಹಿಂದಿನಿಂದ ಇಣುಕುತ್ತಿತ್ತು. ಪಾದ ನೆಟ್ಟಗೆ ಮುಂದೆ ಬಂತು, ನೆಟ್ಟಗೆ ನೆಲಕ್ಕೆ ಕೂತಿತು.

ವಿದ್ಯಾರ್ಥಿ ಗಿಣಿಪಾಠ ಶುರುಮಾಡಿದ. “ರೋಗಿಯ ಎಡಗಾಲು ಹೊರಗೆ ಅರ್ಧವೃತ್ತಾಕಾರವಾಗಿ ಬೀಸುತ್ತದೆ ಸರ್. ಬೆರಳು ನೆಲಕ್ಕೆ ಉಜ್ಜುತ್ತದೆ ಸರ್...” ಅವನ ಕಣ್ಣು ಚಾವಣಿಯ ಕಡೆಗಿತ್ತು. ಪರೀಕ್ಷಕರ ಕಣ್ಣು ಎದುರಿನ ಅಂಕದ ಹಾಳೆಯ ಮೇಲಿತ್ತು. ಅವರು ತಲೆಯಾಡಿಸುತ್ತ ಬರೆದುಕೊಂಡರು. “ಸರಿ, ಮುಂದೆ?”

ಕೇಸಮ್ಮ ಗೆರೆಯ ಆ ತುದಿಯಲ್ಲಿ ತಿರುಗಿ ನಿಂತಳು. ಮೊದಲ ಬಾರಿಗೆ ಆಕೆಗೆ ಎಲ್ಲ ಸ್ಪಷ್ಟವಾಯಿತು. ಇವರು ಯಾರೂ ಯಾವತ್ತೂ ತನ್ನನ್ನು ನೋಡಿಯೇ ಇರಲಿಲ್ಲ.

“ಸ್ವಾಮೀ!” ಎಂದಳು. ಕಿಟಕಿಯ ಗಾಜು ಅದುರಿತು. “ಕಣ್ಣು ಇತ್ತ ಬಿಡಿ ಸ್ವಾಮೀ! ಎಲ್ಲಿ ಬೀಸ್ತಾ ಇದೆ ಕಾಲು? ಎಲ್ಲಿ ಉಜ್ತಾ ಇದೆ? ನಾನಿಲ್ಲಿ ನಡೀತಿದೀನಿ, ನೀವಲ್ಲಿ ಯಾರಿಗ್ರೀ ಅಂಕ ಹಾಕ್ತಿದೀರಿ?”

ಪರೀಕ್ಷಕರು ಬೆಚ್ಚಿ ತಲೆ ಎತ್ತಿದರು. ವಿದ್ಯಾರ್ಥಿಯ ಮುಖ ಸುಣ್ಣದಂತಾಯಿತು. ದೊಡ್ಡ ಸರ್ ಎದ್ದು ಬಂದರು, ಮೆಲ್ಲಗೆ, ಸಮಾಧಾನದ ದನಿಯಲ್ಲಿ.

“ಏನಮ್ಮ ಇದು? ಹುಡುಗರ ಭವಿಷ್ಯ ಅಲ್ವಾ? ಒಂದರ್ಧ ಗಂಟೆ ಬಿಚ್ಚಿಡಿ, ಆಮೇಲೆ ಹಾಕ್ಕೊಳ್ಳೋರಂತೆ.” ಹಾಗೆನ್ನುತ್ತ ತಾವೇ ಮಂಡಿಯೂರಿ, ಆಕೆಯ ಕಣಕಾಲಿನ ಪಟ್ಟಿಗೆ ಕೈ ಹಾಕಿದರು.

ಆಕೆ ಕಾಲು ಹಿಂದಕ್ಕೆ ಎಳೆದುಕೊಂಡಳು.

“ಇಷ್ಟು ವರ್ಷದಲ್ಲಿ ನೀವು ಈ ಕಾಲು ಮುಟ್ಟಿದ್ದು ಇದೇ ಮೊದ್ಲು ಸರ್. ಅದೂ ಬಿಚ್ಚೋದಕ್ಕೆ.”

ದೊಡ್ಡ ಸರ್ ಮಂಡಿಯೂರಿದಲ್ಲೇ ಉಳಿದರು. ಮೇಜಿನ ಬಳಿ ನಿಂತಿದ್ದ ಚಿಕ್ಕ ಮೇಡಂ ಮುಖ ತಗ್ಗಿಸಲಿಲ್ಲ. ಪರೀಕ್ಷಕರು ಗಂಟಲು ಸರಿಮಾಡಿಕೊಂಡು, “ಬೇರೆ ಕೇಸು ಇದ್ಯಾ?” ಎಂದರು. ಇತ್ತು. ಯಾವಾಗಲೂ ಒಂದನ್ನು ಹೆಚ್ಚಿಗೆ ತರಿಸಿರುತ್ತಾರೆ. ಅಟೆಂಡರನ್ನು ಕರೆಯಲು ಯಾರೋ ಗಂಟೆ ಒತ್ತಿದರು.

ಅಟೆಂಡರು ಬರುವ ಮೊದಲೇ ಕೇಸಮ್ಮ ಬಾಗಿಲು ದಾಟಿದ್ದಳು. ಹೊರಗೆ ಬೆಂಚಿನ ಮೇಲೆ ಒಬ್ಬ ಗಂಡಸು ಕೂತಿದ್ದ. ನೀಟಾಗಿ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಡಚಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಕರೆ ಬಂತೇನೋ ಎಂದು ಉತ್ಸಾಹದಿಂದ ಮುಖ ಎತ್ತಿದ. ಎಡಪಾದ ಶೂ ಒಳಗೆ ಜೋತುಬಿದ್ದಿತ್ತು.

ಆಕೆ ಅವನ ಮುಂದೆ ನಿಂತಳು.

“ನಿಮಗೆ ಚಿಕಿತ್ಸೆ ಯಾರು ಕೊಡ್ತಿದಾರೆ?”

ಅವನು ಹಾಲ್ ಕಡೆ ಹೆಮ್ಮೆಯಿಂದ ಗಲ್ಲ ಎತ್ತಿ ತೋರಿಸಿದ. “ಇವರೆಲ್ಲಾನೂ ನೋಡ್ತಾರಮ್ಮ. ಬಾಳ ಚೆನ್ನಾಗಿ ನೋಡ್ತಾರೆ.”

“ಎಲ್ಲರೂ ಅಂದ್ರೆ ಯಾರೂ ಇಲ್ಲ ಅಂತ” ಎಂದು ಕೇಸಮ್ಮ ತನ್ನ ಒಳ್ಳೆಯ ಕೈ ಚಾಚಿದಳು. “ಏಳಿ. ಕೆಳಗೆ ಹೋಗೋಣ, ಅಚ್ಚು ತೆಗೀತಾರೆ.”

ಅವನು ಹಾಲ್ ಕಡೆ ಒಮ್ಮೆ, ಆಕೆಯ ಪಾದದ ಕಡೆ ಒಮ್ಮೆ ನೋಡಿದ. ಆಮೇಲೆ ಆ ಕೈ ಹಿಡಿದು ಎದ್ದ. ಇಬ್ಬರೂ ಮೆಟ್ಟಿಲಿನ ಕಡೆ ನಡೆದರು. ಹಿಂದಿನಿಂದ ಅಟೆಂಡರು ಕೂಗುತ್ತಲೇ ಇದ್ದ.